ಏಳೂವರೆಯ ಧಾರಾವಾಹಿ ನೋಡುತ್ತಿದ್ದ ದೊಡ್ಡವ್ವ

ದೊಡ್ಡವ್ವನ ಮುಖ ನೋಡುವುದಕ್ಕೆ ಮೊದಲು ನಾನು ಅವರ ದನಿ ಕೇಳಿದ್ದೆ. ಮದುವೆಯಾಗಿ ರಾಮನಗರಕ್ಕೆ ಬಂದು, ರೈಲ್ವೆ ಹಳಿಯ ಆಚೆಗಿನ ವಠಾರದಲ್ಲಿ ಸಂಸಾರ ಹೂಡಿ ಇನ್ನೂ ವಾರ ಕಳೆದಿರಲಿಲ್ಲ. ಸಂಜೆ ಅಡುಗೆಗೆ ಕೂತಿದ್ದಾಗ ನಡುಗೋಡೆಯ ಆಚೆಯಿಂದ ಹೆಂಗಸೊಬ್ಬರು ಯಾರನ್ನೋ ಬಯ್ಯುವುದು ಕೇಳಿಸಿತು. "ಬಾಯಿ ಬುಟ್ಟು ಕೇಳೇ. ಎಷ್ಟು ದಿನ ಹಿಂಗೆ ಕಂಬ ಹಿಡ್ಕಂಡು ಅಳ್ತೀಯ? ನಿನ್ ಕಣ್ಣೀರು ನೋಡಿ ನೋಡಿ ನಂಗೇ ಸಾಕಾಗೋಗೈತೆ."

ಆ ಮನೆಯಲ್ಲಿ ಅತ್ತೆ, ಸೊಸೆ, ಮಗ ಮೂವರೇ ಇದ್ದಾರೆಂದು ನಮ್ಮವರು ಹೇಳಿದ್ದರು. ಆ ಸೊಸೆಯ ಪಾಡು ಯಾರಿಗೂ ಬೇಡ ಅಂದುಕೊಂಡೆ. ಮರುದಿನ ನಲ್ಲಿಯ ಹತ್ತಿರ ಅವಳು ಸಿಕ್ಕಳು. ಮಂಜುಳ ಎಂದು ಹೆಸರು, ಮಾಗಡಿ ಕಡೆಯ ಗುಡೇಮಾರನಹಳ್ಳಿಯವಳು, ನನ್ನದೇ ವಯಸ್ಸು. ಅತ್ತ ಗುರುತೇನೂ ಅವಳ ಮುಖದಲ್ಲಿ ಕಾಣಲಿಲ್ಲ. ಸಂಕೋಚಪಡುತ್ತಲೇ ವಿಚಾರಿಸಿದೆ. ಅವಳು ಬಿಂದಿಗೆ ಕೆಳಗಿಟ್ಟು ನಕ್ಕಳು. ಅತ್ತೆ ಬಯ್ದದ್ದು ತನ್ನನ್ನಲ್ಲವಂತೆ, ಟೀವಿಯಲ್ಲಿ ಏಳೂವರೆಗೆ ಬರುವ ಧಾರಾವಾಹಿಯ ದೊಡ್ಡ ಸೊಸೆಯನ್ನಂತೆ. ಇವತ್ತು ಸಂಜೆ ನೀವೂ ಬನ್ನಿ, ನಿಮ್ಮ ಮನೇಲಿ ಟೀವಿ ಇಲ್ಲವಲ್ಲ ಎಂದಳು.

ಹಾಗೆ ಹೋಗಿ ಕೂತವಳು ಆಮೇಲೆ ಎಷ್ಟೋ ವರ್ಷ ಅಲ್ಲೇ ಕೂತೆ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ವಠಾರಕ್ಕೆಲ್ಲ ಅವರು ದೊಡ್ಡವ್ವ. ಎತ್ತರದ ಆಳು. ಮಗ ಎಳೆಯವನಿದ್ದಾಗಲೇ ಗಂಡ ತೀರಿಹೋಗಿದ್ದರು. ರೇಷ್ಮೆಗೂಡನ್ನು ಬಿಸಿನೀರಿನಲ್ಲಿ ಹಾಕಿ ನೂಲು ತೆಗೆಯುವ ಕಾರ್ಖಾನೆಯಲ್ಲಿ ದುಡಿದು ಮಗನನ್ನು ಓದಿಸಿದ್ದರು, ವಠಾರದ ಕೊನೆಯ ಎರಡು ಕೋಣೆಯ ಮನೆಯನ್ನು ತಮ್ಮದಾಗಿಸಿಕೊಂಡಿದ್ದರು. ಆ ಬಿಸಿನೀರಿನಿಂದ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿ, ಕೆಲಸ ಬಿಟ್ಟಮೇಲೂ ಹಾಗೇ ಉಳಿದಿದ್ದವು. ಮಗ ಬಿಡದಿಯಲ್ಲಿ ಕಾರಿನ ಬಿಡಿಭಾಗ ತಯಾರಿಸುವ ಫ್ಯಾಕ್ಟರಿ ಸೇರಿದ್ದ. ಆ ವರ್ಷಗಳಲ್ಲಿ ಹೆದ್ದಾರಿಯುದ್ದಕ್ಕೂ ಒಂದಾದ ಮೇಲೊಂದು ಫ್ಯಾಕ್ಟರಿ ಏಳುತ್ತಿದ್ದವು. ಬೆಳಿಗ್ಗೆ ಕಂಪನಿ ಬಸ್ಸುಗಳು ನಮ್ಮ ಊರಿನ ಹುಡುಗ ಹುಡುಗಿಯರನ್ನು ತುಂಬಿಕೊಂಡು ಹೋಗುತ್ತಿದ್ದವು. ಮಗ ಯೂನಿಫಾರಂ ಹಾಕಿಕೊಂಡು, ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡು ಹೊರಡುವಾಗ ದೊಡ್ಡವ್ವ ತಪ್ಪದೆ ಬಾಗಿಲಿಗೆ ಬರುತ್ತಿದ್ದರು. ಮೊದಲ ಬೋನಸ್ಸಿನಲ್ಲಿ ಕಲರ್ ಟೀವಿ ತಂದವನೂ ಅವನೇ.

ದೊಡ್ಡವ್ವ ಟೀವಿಯನ್ನು ಸುಮ್ಮನೆ ಕೂತು ನೋಡುವವರಾಗಿರಲಿಲ್ಲ. ಪ್ರತಿ ಕಂತಿನ ಮೇಲೂ ಅವರದೊಂದು ತೀರ್ಪು ಇರುತ್ತಿತ್ತು. ಬೆಳಿಗ್ಗೆ ಸೊಪ್ಪು ಮಾರುವವಳು ಬಂದರೂ, ಹಾಲಿನವನು ಬಂದರೂ ಅದನ್ನು ಹೇಳಿಯೇ ವ್ಯಾಪಾರ. ಅಷ್ಟು ದೊಡ್ಡ ಬಂಗಲೆಯಲ್ಲಿ ಒಬ್ಬರೂ ಕೆಲಸಕ್ಕೆ ಹೋಗುವುದಿಲ್ಲ, ಊಟಕ್ಕೆ ಎಲ್ಲಿಂದ ಬರುತ್ತದೆ ಎನ್ನುವುದು ಅವರ ಹಳೆಯ ತಕರಾರು. ಒಬ್ಬಳು ಕೆನ್ನೆಗೆ ಹೊಡೆದದ್ದನ್ನು ಮೂರು ಕಡೆಯಿಂದ ತೋರಿಸಿ, ಅಲ್ಲಿದ್ದ ಅಷ್ಟೂ ಜನರ ಮುಖ ತೋರಿಸಿ ಕಂತು ಮುಗಿಸಿದರೆ, ಇವತ್ತು ನಮಗೆ ಮೋಸ ಮಾಡಿದರು ಎಂದು ಎದ್ದುಬಿಡುತ್ತಿದ್ದರು. ಎಂಟು ಗಂಟೆಯ ಧಾರಾವಾಹಿಯಲ್ಲಿ ಗಂಡನ ಪಾತ್ರದವನು ಒಂದು ಸೋಮವಾರ ಹೇಳದೆ ಕೇಳದೆ ಬದಲಾದ. ಬೇರೆ ಮುಖ, ಬೇರೆ ದನಿ. ದೊಡ್ಡವ್ವ ಅವನನ್ನು ದಿಟ್ಟಿಸಿ ನೋಡಿ, "ಇವ್ಳಿಗೆ ಗಂಡ ಬದ್ಲಾಗಿದ್ದೇ ಗೊತ್ತಾಗ್ನಿಲ್ಲ ನೋಡು, ಇನ್ನು ಆಸ್ತಿ ಹೋದ್ರೆ ಗೊತ್ತಾಯ್ತದಾ?" ಎಂದರು. ಆ ಹೊಸ ಗಂಡನನ್ನು ಅವರು ಕೊನೆಯವರೆಗೂ ಒಪ್ಪಲಿಲ್ಲ.

ಕರೆಂಟು ಹೋಗುವುದು ಆಗ ಸಾಮಾನ್ಯ. ಕಂತಿನ ನಡುವೆ ಹೋದರೆ ದೊಡ್ಡವ್ವ ಮರುದಿನ ಬೆಳಿಗ್ಗೆ ಹಳಿ ದಾಟಿ ಆಚೆ ಬೀದಿಯ ಅಂಗಡಿಯವಳ ಹತ್ತಿರ ಕಥೆ ಕೇಳಿಕೊಂಡು ಬರುತ್ತಿದ್ದರು. ಅಂಗಡಿಯವಳು ಕಥೆಯ ಜೊತೆ ತನ್ನ ಅಭಿಪ್ರಾಯವನ್ನೂ ಸೇರಿಸಿದರೆ ಸಿಟ್ಟು ಬರುತ್ತಿತ್ತು. ಏನಾಯಿತು ಅಂತ ಮಾತ್ರ ಹೇಳು, ಸರಿಯೋ ತಪ್ಪೋ ನಾನು ನೋಡಿಕೊಳ್ಳುತ್ತೇನೆ ಎಂದು ಅವಳಿಗೆ ತಾಕೀತು ಮಾಡಿದ್ದರಂತೆ.

ಏಳೂವರೆಯ ಧಾರಾವಾಹಿ ಅವರಿಗೆ ಬಹಳ ಮುಖ್ಯ. ಅದರಲ್ಲಿ ದೊಡ್ಡ ಮನೆತನವೊಂದರ ಹಿರಿಯ ಮಗನಿಗೆ ಪಟ್ಟಣದಲ್ಲಿ ಇನ್ನೊಂದು ಸಂಸಾರವಿತ್ತು. ಮನೆಯವರಿಗೆಲ್ಲ ಅದು ಗೊತ್ತು, ಅವನ ತಾಯಿಗಂತೂ ಮೊದಲಿನಿಂದ ಗೊತ್ತು. ಮರ್ಯಾದೆ ಹೋಗುತ್ತದೆಂದು ಆಕೆ ಸೊಸೆಯಿಂದ ಮುಚ್ಚಿಟ್ಟಿದ್ದಳು. ಸೊಸೆಗೆ ಅನುಮಾನ, ಆದರೆ ಕೇಳುವ ಧೈರ್ಯವಿಲ್ಲ. ಕಥೆ ವರ್ಷಗಟ್ಟಲೆ ಅಲ್ಲೇ ನಿಂತಿತ್ತು. ವಠಾರದ ಹೆಂಗಸರೆಲ್ಲ ಆ ಮಗನನ್ನು ಶಪಿಸುತ್ತಿದ್ದೆವು. ದೊಡ್ಡವ್ವನ ಕೋಪ ಮಾತ್ರ ಆ ತಾಯಿಯ ಮೇಲೆ. "ಅವ್ನು ತಪ್ಪು ಮಾಡ್ದ, ಸರಿ. ಇವ್ಳು ದಿನಾ ಬೆಳಗಾದ್ರೆ ಆ ಸೊಸೆ ಕೈಲೇ ಕಾಫಿ ಇಸ್ಕಂಡು ಕುಡೀತಾವ್ಳಲ್ಲ, ಅದು ಹೆಂಗೆ ಗಂಟ್ಲಲ್ಲಿ ಇಳೀತೈತೆ?" ಎನ್ನುತ್ತಿದ್ದರು.

ಮಂಜುಳನಿಗೆ ಮದುವೆಯಾಗಿ ಕೆಲವು ವರ್ಷ ಕಳೆದರೂ ಮಕ್ಕಳಾಗಿರಲಿಲ್ಲ. ಅದಕ್ಕಾಗಿ ದೊಡ್ಡವ್ವ ಅವಳಿಗೆ ಒಂದು ಮಾತೂ ಆಡಿದ್ದನ್ನು ನಾನು ಕೇಳಿಲ್ಲ. ಆದರೆ ಕಬ್ಬಾಳಮ್ಮನಿಗೆ ಹರಕೆ ಹೊತ್ತಿದ್ದರು. ಒಂದು ಮಂಗಳವಾರ ಜೊತೆಗೆ ಬಾ ಎಂದು ನನ್ನನ್ನು ಕರೆದರು. ಮಂಜುಳ ಆ ದಿನ ದೇವಸ್ಥಾನಕ್ಕೆ ಬರುವ ಹಾಗಿರಲಿಲ್ಲ. ಮಗ ಬೆಳಿಗ್ಗೆಯೇ ಯೂನಿಫಾರಂ ಹಾಕಿಕೊಂಡು ಡ್ಯೂಟಿಗೆ ಹೋಗಿದ್ದ. ನಾವಿಬ್ಬರು ಚನ್ನಪಟ್ಟಣಕ್ಕೆ ಹೋಗಿ, ಅಲ್ಲಿ ಸಾತನೂರು ಕಡೆಯ ಬಸ್ಸು ಹತ್ತಿ, ಕಬ್ಬಾಳಿನಲ್ಲಿ ಇಳಿದೆವು. ಹಣ್ಣುಕಾಯಿ ಕೊಂಡು ಸಾಲಿಗೆ ಸೇರುವ ಮೊದಲು, ನೀರಿನ ತೊಟ್ಟಿಯ ಹತ್ತಿರ ಕೈಕಾಲು ತೊಳೆಯಲು ಹೋದೆವು. ಅದರ ಪಕ್ಕದಲ್ಲೇ ಮಕ್ಕಳ ಮುಡಿ ತೆಗೆಯುತ್ತಿದ್ದರು.

ಅಲ್ಲಿ ದೊಡ್ಡವ್ವನ ಮಗ ಕೂತಿದ್ದ.

ಬಿಳಿ ಪಂಚೆ ಉಟ್ಟಿದ್ದ. ತೊಡೆಯ ಮೇಲೆ ಒಂದು ಗಂಡುಮಗು ಕೈಕಾಲು ಬಡಿದು ಅಳುತ್ತಿತ್ತು. ಅದರ ತಲೆಯನ್ನು ಅವನು ಎರಡೂ ಕೈಯಲ್ಲಿ ಹಿಡಿದಿದ್ದ, ಕ್ಷೌರದವನು ಕತ್ತಿ ಆಡಿಸುತ್ತಿದ್ದ. ಪಕ್ಕದಲ್ಲಿ ಒಬ್ಬ ಹೆಂಗಸು ಕೂದಲನ್ನು ಸೆರಗಿನಲ್ಲಿ ಹಿಡಿಯುತ್ತ ಬಗ್ಗಿದ್ದಳು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ದೊಡ್ಡವ್ವ ಅಷ್ಟು ಹೊತ್ತು ತೆಗೆದುಕೊಳ್ಳಲಿಲ್ಲ. ನೇರ ನಡೆದುಹೋಗಿ ಅವನ ಎದುರಿಗೆ ನಿಂತರು. ಅವನು ತಲೆಯೆತ್ತಿ ನೋಡಿದ. ಏಳಬೇಕು, ಆದರೆ ಮಗುವಿನ ತಲೆಯ ಮೇಲೆ ಕತ್ತಿಯಿತ್ತು.

"ಅಲ್ಲಾಡ್ಬೇಡ," ಎಂದರು ದೊಡ್ಡವ್ವ. "ಮಗೀಗೆ ಗಾಯ ಆಯ್ತದೆ."

ಮುಡಿ ತೆಗೆದು ಮುಗಿಯುವವರೆಗೂ ಅವರು ಅಲ್ಲೇ ನಿಂತಿದ್ದರು. ಆಮೇಲೆ ಆ ಹೆಂಗಸಿನ ಕಡೆ ತಿರುಗಿ, ಇವನಿಗೆ ಮದುವೆಯಾಗಿದೆ ಎಂದು ನಿನಗೆ ಗೊತ್ತಿತ್ತೇ ಎಂದು ಕೇಳಿದರು. ಅವಳು ಸಾತನೂರಿನ ಹತ್ತಿರದವಳು, ಬಿಡದಿಯಲ್ಲೇ ಕೆಲಸಕ್ಕಿದ್ದವಳು. ಹೆಂಡತಿ ಬಿಟ್ಟುಹೋಗಿದ್ದಾಳೆಂದು ಇವರು ಹೇಳಿದ್ದರು ಎಂದಳು. ದೊಡ್ಡವ್ವ ಮಗನನ್ನು ನೋಡಿದರು. ಅವನು ಇಲ್ಲವೆನ್ನಲಿಲ್ಲ. ಮಗು ಇನ್ನೂ ಬಿಕ್ಕುತ್ತಿತ್ತು. ದೊಡ್ಡವ್ವ ತಮ್ಮ ಸೆರಗಿನ ತುದಿಯನ್ನು ತೊಟ್ಟಿಯಲ್ಲಿ ಅದ್ದಿ ಅದರ ಬೋಳುತಲೆಯನ್ನು ಒರೆಸಿದರು.

"ಸಂಜೆ ದೀಪ ಹಚ್ಚೋ ಹೊತ್ಗೆ ಮನೇಗ್ ಬಾ," ಎಂದರು ಮಗನಿಗೆ. "ನಿನ್ ಬಾಯಲ್ಲೇ ಅವ್ಳಿಗೆ ಹೇಳು. ನೀನ್ ಬರ್ನಿಲ್ಲ ಅಂದ್ರೆ ನಾನ್ ಹೇಳ್ತೀನಿ."

ಅಷ್ಟಾದ ಮೇಲೂ ಅವರು ಸಾಲಿನಲ್ಲಿ ನಿಂತು, ಕಾಯಿ ಒಡೆಸಿ, ಅಮ್ಮನವರ ಮುಂದೆ ಕೈಮುಗಿದೇ ಬಂದರು. ಏನು ಬೇಡಿಕೊಂಡರೋ ನಾನು ಕೇಳಲಿಲ್ಲ.

ಬಸ್ಸಿನಲ್ಲಿ ನಾನೇ ಮೊದಲು ಮಾತಾಡಿದೆ. ಹಿರಿಯರನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಬಹುದಲ್ಲವೇ, ಒಂದೆರಡು ದಿನ ತಡೆಯಬಹುದಲ್ಲವೇ ಎಂದೆ. ಅವರು ಕಿಟಕಿಯಾಚೆ ಹಿಪ್ಪುನೇರಳೆ ತೋಟಗಳನ್ನು ನೋಡುತ್ತಿದ್ದವರು ಹಾಗೇ ನೋಡುತ್ತ, "ಇವತ್ತು ಹೇಳ್ದೆ ನಾಳೆ ಹೇಳಿದ್ರೆ, ಒಂದಿನ ನಾನೂ ಅವ್ನ ಜೊತೆ ಸೇರ್ಕಂಡಂಗೆ ಕಣವ್ವ," ಎಂದರು.

ಮನೆಗೆ ಬಂದಾಗ ಮಂಜುಳ ಬಾಗಿಲಲ್ಲೇ ಇದ್ದಳು. ಕುಂಕುಮಪ್ರಸಾದ ಇಸಿದುಕೊಂಡು ಕಣ್ಣಿಗೊತ್ತಿಕೊಂಡಳು. ಬಿಸಿಲಲ್ಲಿ ಬಂದಿದ್ದೀರಿ ಎಂದು ಇಬ್ಬರಿಗೂ ಕಾಫಿ ತಂದಳು. ದೊಡ್ಡವ್ವ ಲೋಟವನ್ನು ಕೈಗೆ ತೆಗೆದುಕೊಂಡು, ಕುಡಿಯದೆ ಕೆಳಗಿಟ್ಟರು. ಮಂಜುಳ ಒಳಗೆ ಹೋದ ಮೇಲೆ ನಾನು ಮೆಲ್ಲಗೆ ಎದ್ದೆ. ಅವರು ಬಿಡಲಿಲ್ಲ. "ನೀನೂ ನೋಡಿದೀಯ, ಕುಂತ್ಕೊ. ನಾಳೆ ಇವ್ಳಿಗೆ ಮುದುಕಿ ಏನೋ ಕಂಡಳು ಅಂತ ಅನ್ನಿಸ್ಬಾರ್ದು," ಎಂದರು. ದೀಪ ಹಚ್ಚುವ ಹೊತ್ತಾಯಿತು. ಮಗ ಬರಲಿಲ್ಲ. ದೊಡ್ಡವ್ವ ಸೊಸೆಯನ್ನು ಎದುರಿಗೆ ಕೂರಿಸಿಕೊಂಡು, ಕಂಡದ್ದನ್ನು ಕಂಡ ಹಾಗೆ, ಒಂದು ಮಾತು ಹೆಚ್ಚಿಲ್ಲದೆ, ಒಂದು ಮಾತು ಕಡಿಮೆಯಿಲ್ಲದೆ ಹೇಳಿದರು.

ಮಂಜುಳ, ಮಗು ಗಂಡೋ ಹೆಣ್ಣೋ ಎಂದು ಕೇಳಿದಳು. ಗಂಡು ಎಂದರು ದೊಡ್ಡವ್ವ.

"ನಿಮ್ಗೆ ಮೊದ್ಲೇ ಗೊತ್ತಿತ್ತಾ ಅತ್ತೆ?"

"ಕಬ್ಬಾಳಮ್ಮನಾಣೆ, ಇವತ್ತೇ ಗೊತ್ತಾಗಿದ್ದು."

ಅವಳು ಎದ್ದು ಒಳಗೆ ಹೋಗಿ ಬ್ಯಾಗಿಗೆ ಸೀರೆ ತುಂಬತೊಡಗಿದಳು. ಅಷ್ಟರಲ್ಲಿ ವಠಾರದ ಹೆಂಗಸರು ಚಾಪೆ ಹಿಡಿದುಕೊಂಡು ಏಳೂವರೆಯ ಧಾರಾವಾಹಿಗೆ ಬಂದರು. ದೊಡ್ಡವ್ವ ಬಾಗಿಲಿಗೆ ಅಡ್ಡ ನಿಂತು, ಇವತ್ತು ಟೀವಿ ಹಾಕುವುದಿಲ್ಲ, ಮನೆಯಲ್ಲಿ ಒಸಿ ಮಾತಾಡುವುದಿದೆ ಎಂದು ಕಳಿಸಿದರು. ಆಮೇಲೆ ಒಳಗೆ ಹೋಗಿ ಸೊಸೆಗೆ ಹೇಳಿದ್ದು ನನಗೆ ಹೊರಗಿನಿಂದಲೇ ಕೇಳಿಸಿತು. "ಹೋಗೋದಾದ್ರೆ ಹೋಗು. ಓಡ್ಸಿದ್ರು ಅಂತ ಮಾತ್ರ ಹೋಗ್ಬೇಡ. ಈ ಮನೆ ನಾನು ಕೈ ಬೇಯ್ಸ್ಕಂಡು ಮಾಡಿದ್ದು. ನಾನು ಇರೋಗಂಟ ಇಲ್ಲಿ ನಿಂಗೆ ಜಾಗ ಐತೆ."

ಮಂಜುಳ ಬೆಳಿಗ್ಗೆ ತವರಿಗೆ ಹೋದಳು. ಬಂದ ಭಾನುವಾರ ಅವಳ ಅಣ್ಣಂದಿರು ಅವಳನ್ನು ಕರೆದುಕೊಂಡು ಬಂದರು. ಮಗ ತನ್ನ ಸೋದರಮಾವನನ್ನು, ಅಂದರೆ ದೊಡ್ಡವ್ವನ ತಮ್ಮನನ್ನು ಮುಂದಿಟ್ಟುಕೊಂಡು ಬಂದ. ವಠಾರದ ಅಂಗಳದಲ್ಲಿ ಪಂಚಾಯಿತಿ ಕೂತಿತು. ಮಾವ ನಿಧಾನಸ್ಥರು. ಆದದ್ದು ಆಗಿಹೋಯಿತು, ಇವಳಿಗೆ ಮಕ್ಕಳಿಲ್ಲ, ಅವಳಿಗೆ ಮಗುವಿದೆ, ಹುಡುಗ ಎರಡು ಕಡೆಯೂ ನೋಡಿಕೊಂಡು ಹೋಗಲಿ ಎಂದರು. ಮಂಜುಳನ ಅಣ್ಣಂದಿರು ತಲೆ ತಗ್ಗಿಸಿದ್ದರು. ಅವರಿಗೂ ಇದು ಹೇಗಾದರೂ ಮುಗಿದು, ತಂಗಿ ಗಂಡನ ಮನೆಯಲ್ಲಿ ಉಳಿದರೆ ಸಾಕಾಗಿತ್ತು.

ದೊಡ್ಡವ್ವ ಕೇಳಿಸಿಕೊಂಡರು. "ಎರಡು ಮನೆ ನಡ್ಸೋದೆಲ್ಲ ಟೀವೀಲಿ ಕಣಪ್ಪ. ಅವ್ರು ವರ್ಷಗಟ್ಲೆ ಎಳೀಬೇಕು, ಅದ್ಕೆ ಮಾಡ್ತಾರೆ. ನಮ್ಗೆ ಇವತ್ತು ಮುಗೀಬೇಕು," ಎಂದರು.

ಮಾವನಿಗೆ ಸಿಟ್ಟು ಬಂತು. "ಹೆತ್ತ ಮಗನ್ನ ಬೀದಿಗೆ ಹಾಕ್ತೀಯೇನಕ್ಕ?"

"ಬೀದೀಗ್ ಯಾಕೆ ಹಾಕ್ಲಿ? ಅವ್ನಿಗೆ ಮನೆ ಐತೆ, ಮಗ ಅವ್ನೆ. ಆ ಹುಡ್ಗೀಗೂ ಇವ್ನು ಸುಳ್ಳು ಹೇಳವ್ನೆ, ಅವ್ಳನ್ನ ನಡುನೀರಲ್ಲಿ ಬುಡಂಗಿಲ್ಲ. ಅಲ್ಲಿಗೇ ಹೋಗಿ ಬದುಕ್ಲಿ. ಇವ್ಳಿಗೆ ಎಲ್ಲೈತೆ ಹೇಳು?"

ದೊಡ್ಡವ್ವ ಮಂಜುಳನ ಕಡೆ ತಿರುಗಿದರು. ಎಲ್ಲರೆದುರಿಗೆ, ನಿನಗೆ ಅವನು ಬೇಕು ಅನ್ನಿಸಿದರೆ ಈಗಲೇ ಹೇಳು, ನಾನು ಅಡ್ಡ ಬರುವುದಿಲ್ಲ ಎಂದರು. ಮಂಜುಳ ಅವನ ಮುಖವನ್ನು ನೆಟ್ಟಗೆ ನೋಡಿದಳು. ನನಗೆ ಬ್ಯಾಡ ಎಂದಳು. ಸ್ವಲ್ಪ ತಡೆದು, ನಾನು ಅತ್ತೆ ಜೊತೆ ಇರುತ್ತೇನೆ ಎಂದಳು. ಮಗ ತಾಯಿಯ ಕಾಲು ಹಿಡಿಯಲು ಬಂದ. ದೊಡ್ಡವ್ವ ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಅವನನ್ನು ಎಬ್ಬಿಸಲೂ ಇಲ್ಲ. ಅವನು ತಾನಾಗಿ ಎದ್ದು, ಬೈಕು ತೆಗೆದುಕೊಂಡು ಹೋದ. ಮಾವ ಹೊರಡುವಾಗ, ಇನ್ನು ನನ್ನ ಮನೆಗೆ ಬರಬೇಡ ಎಂದು ಅಕ್ಕನಿಗೆ ಹೇಳಿ ಹೋದರು. ಆ ಮಾತನ್ನು ಬಹುಕಾಲ ನಡೆಸಿದರು ಕೂಡ.

ದೊಡ್ಡವ್ವನಿಗೆ ಇದೆಲ್ಲ ಸುಲಭವಾಗಿತ್ತೆಂದು ವಠಾರದಲ್ಲಿ ಕೆಲವರು ಅಂದುಕೊಂಡಿದ್ದರು. ಕಲ್ಲು ಮನಸ್ಸು ಎಂದೂ ಆಡಿಕೊಂಡರು. ಮಗ ಬಿಟ್ಟುಹೋಗಿದ್ದ ಯೂನಿಫಾರಂ ಅಂಗಿಯನ್ನು ಅವರು ಒಗೆದು, ಇಸ್ತ್ರಿ ಮಾಡಿಸಿ, ನಮ್ಮವರ ಕೈಯಲ್ಲಿ ಬಿಡದಿಗೆ ಕಳಿಸಿದ್ದು ಹಾಗೆ ಆಡಿಕೊಂಡವರಿಗೆ ಗೊತ್ತಿಲ್ಲ. ಇನ್ನೊಂದು ಸಂಜೆ ಎಂಟು ಗಂಟೆಯ ಧಾರಾವಾಹಿಯಲ್ಲಿ ಒಬ್ಬ ತಾಯಿ ಮಗನಿಗೆ ತುತ್ತು ಕೊಡುವ ದೃಶ್ಯ ಬಂತು. ದೊಡ್ಡವ್ವ ಎದ್ದು ಕೈಗೆ ಸಿಕ್ಕಿದ ಬಿಂದಿಗೆ ಹಿಡಿದು ನಲ್ಲಿಯ ಕಡೆ ಹೋದರು. ನಲ್ಲಿಯಲ್ಲಿ ಆ ಹೊತ್ತಿಗೆ ನೀರು ಬರುವುದಿಲ್ಲವೆಂದು ನಮಗೆಲ್ಲ ಗೊತ್ತಿತ್ತು. ಯಾರೂ ಅವರ ಹಿಂದೆ ಹೋಗಲಿಲ್ಲ.

ಮಂಜುಳನನ್ನು ಅವರು ಮನೆಯಲ್ಲಿ ಕೂರಲು ಬಿಡಲಿಲ್ಲ. ಊರಾಚೆ ಹೊಸದಾಗಿ ಗಾರ್ಮೆಂಟ್ಸ್ ಫ್ಯಾಕ್ಟರಿ ಶುರುವಾಗಿತ್ತು. ನನ್ನ ಹತ್ತಿರ ಹೊಲಿಗೆ ಮಿಷನ್ನಿತ್ತು. ಅವಳಿಗೆ ಕಲಿಸು ಎಂದು ನನಗೆ ಹೇಳಿದವರು ದೊಡ್ಡವ್ವ. ಕಲಿತಾದ ಮೇಲೆ ತಾವೇ ಜೊತೆಗೆ ಹೋಗಿ ಗೇಟಿನಲ್ಲಿ ನಿಂತು ಕೆಲಸಕ್ಕೆ ಸೇರಿಸಿ ಬಂದರು. ಅಂದಿನಿಂದ ಮನೆಗೆಲಸವೆಲ್ಲ ಅತ್ತೆಯದು. ಬೆಳಿಗ್ಗೆ ಸೊಸೆಗೆ ಬುತ್ತಿ, ಸಂಜೆ ಮುದ್ದೆ ಸಾರು. ಓವರ್‌ಟೈಮಿನಿಂದ ಮಂಜುಳ ಧಾರಾವಾಹಿ ನೋಡುವುದು ತಪ್ಪಿಹೋಗಿತ್ತು. ಅವಳು ಉಣ್ಣುತ್ತಿದ್ದರೆ ದೊಡ್ಡವ್ವ ಎದುರಿಗೆ ಕೂತು ಆ ದಿನದ ಕಥೆ ಹೇಳುತ್ತಿದ್ದರು. ಕಥೆ ಸ್ವಲ್ಪ, ಬಯ್ಗುಳ ಜಾಸ್ತಿ. ಮಂಜುಳ ಎಷ್ಟೋ ಸಲ ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದಳು. ಏಳೂವರೆಯ ಧಾರಾವಾಹಿಯ ಆ ತಾಯಿ ಕೊನೆಗೂ ಒಂದು ದಿನ ಸೊಸೆಯ ಮುಂದೆ ನಿಜ ಒಪ್ಪಿಕೊಂಡಳು. ವಠಾರವೆಲ್ಲ ಕಣ್ಣೊರೆಸಿಕೊಂಡಿತು. ದೊಡ್ಡವ್ವ, ಇಷ್ಟು ವರ್ಷ ಆದ ಮೇಲೆ ಹೇಳಿ ಯಾವ ಪುಣ್ಯ ಬಂತು ಎಂದು ಟೀವಿ ಆರಿಸಿದರು.

ಕೋರ್ಟಿನಲ್ಲಿ ಮಂಜುಳನಿಗೆ ವಿಚ್ಛೇದನ ಸಿಕ್ಕಿ ಒಂದೆರಡು ವರ್ಷವಾಗಿರಬೇಕು. ಅವಳ ಫ್ಯಾಕ್ಟರಿಯಲ್ಲಿ ಹೊಲಿಗೆ ಮಿಷನ್ ರಿಪೇರಿ ಮಾಡುವ ಚನ್ನಪಟ್ಟಣದವನೊಬ್ಬ, ಹೆಂಡತಿ ತೀರಿಹೋಗಿ ಒಂದು ಹೆಣ್ಣುಮಗುವಿದ್ದವನು, ಅವಳನ್ನು ಮದುವೆಯಾಗಲು ಕೇಳಿದ. ಮಂಜುಳ ಅದೇ ಸಂಜೆ ಅತ್ತೆಗೆ ಹೇಳಿದಳು. ಆ ಮನೆಯಲ್ಲಿ ಆಗ ಹಾಗೆಯೇ ನಡೆಯುತ್ತಿತ್ತು.

ದೊಡ್ಡವ್ವ ಮರುದಿನ ಟೀವಿ ಹಾಕಲಿಲ್ಲ. ಅದರ ಮರುದಿನವೂ ಹಾಕಲಿಲ್ಲ. ಮಂಜುಳ ನನ್ನ ಹತ್ತಿರ ಬಂದು, ನಾನು ಬೇಡ ಅಂದುಬಿಡುತ್ತೇನೆ ಅಕ್ಕ ಎಂದಳು. ನಾನು ದೊಡ್ಡವ್ವನನ್ನು ಹುಡುಕಿಕೊಂಡು ಹೋದೆ. ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದರು. ಹುಡುಗ ಒಳ್ಳೆಯವನಂತೆ ಎಂದೆ. ಅವರು ಕಾಯಿ ಬಿಡಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು.

"ಒಳ್ಳೇವ್ನೇ ಇರ್ಬೌದು. ಇವ್ಳೂ ಹೋದ್ರೆ ನಾನು ಯಾರ್ ಕೂಟೆ ಮಾತಾಡ್ಲಿ?"

ನಾನು ಕಂಡ ಹಾಗೆ ಅವರು ತಮಗಾಗಿ ಏನನ್ನಾದರೂ ಕೇಳಿದ್ದು ಅದೊಂದೇ ಸಲ. ಅವರ ಜೊತೆ ಕೂತು ಬುಟ್ಟಿಯ ಕಾಯಿ ಮುಗಿಯುವವರೆಗೂ ಬಿಡಿಸಿದೆ. ಎದ್ದು ಸಿಪ್ಪೆ ಕೊಡವಿಕೊಂಡವರು, ಭಾನುವಾರ ಚನ್ನಪಟ್ಟಣಕ್ಕೆ ಹೋಗಬೇಕು, ನೀನೂ ಹೊರಡು ಎಂದರು.

ಆ ಮನೆಗೆ ಹೋಗಿ ದೊಡ್ಡವ್ವ ಕೇಳದೆ ಬಿಟ್ಟದ್ದು ಏನೂ ಇಲ್ಲ. ಮೊದಲ ಹೆಂಡತಿ ಹೇಗೆ ತೀರಿಕೊಂಡಳು ಎಂದು ಕೇಳಿದರು. ಸಂಬಳ ಯಾರ ಕೈಗೆ ಕೊಡುತ್ತೀಯ ಎಂದು ಕೇಳಿದರು. ಅಡುಗೆಮನೆಗೆ ಹೋಗಿ ಡಬ್ಬಿಗಳ ಮುಚ್ಚಳ ತೆಗೆದು ನೋಡಿದರು. ಆ ಪುಟ್ಟ ಹುಡುಗಿಯನ್ನು ಪಕ್ಕಕ್ಕೆ ಕರೆದು, ನಿಮ್ಮಪ್ಪ ಕುಡೀತಾನಾ ಎಂದು ವಿಚಾರಿಸಿದರು. ಹುಡುಗಿ, ಕಾಫಿ ಕುಡೀತಾನೆ ಎಂದಿತು. ದೊಡ್ಡವ್ವ ನಕ್ಕರು. ಎಷ್ಟೋ ದಿನಗಳ ಮೇಲೆ ನಕ್ಕಿದ್ದರು.

ಮದುವೆ ದೇವಸ್ಥಾನದಲ್ಲಿ ಸರಳವಾಗಿ ನಡೆಯಿತು. ಮಂಜುಳನ ಅಣ್ಣಂದಿರು ಬರಲಿಲ್ಲ. ಧಾರೆ ಎರೆಯಲು ದಂಪತಿ ಬೇಕಲ್ಲ ಎಂದರು ಪುರೋಹಿತರು. ದೊಡ್ಡವ್ವ ನನ್ನನ್ನೂ ನಮ್ಮವರನ್ನೂ ಮುಂದಕ್ಕೆ ತಳ್ಳಿದರು. ಹಾಗೆ ನನ್ನ ವಯಸ್ಸಿನವಳನ್ನು ನಾನೇ ಧಾರೆ ಎರೆದು ಕೊಟ್ಟೆ. ಮಡಿಲು ತುಂಬುವಾಗ ಮಾತ್ರ ದೊಡ್ಡವ್ವ ಯಾರಿಗೂ ಬಿಟ್ಟುಕೊಡಲಿಲ್ಲ. ಗಂಡನಿಲ್ಲದವರು ತುಂಬಬಾರದು ಎಂದು ಯಾರೋ ಗೊಣಗಿದರು. ಕೇಳಿಸಿಕೊಂಡೇ, ತಮ್ಮ ಕೈಯಿಂದಲೇ ಅಕ್ಕಿ, ಬೆಲ್ಲ, ಕೊಬ್ಬರಿ ತುಂಬಿದರು.

ಮಂಜುಳನನ್ನು ಕಳಿಸಿಕೊಟ್ಟ ಮೇಲೆ ಮಗನಿಗೆ ಹೇಳಿಕಳಿಸಿದರು. ಈಗ ಹೆಂಡತಿ ಮಗುವನ್ನು ಕರೆದುಕೊಂಡು ಬಾ, ಈಗ ನೀನು ಇಲ್ಲಿಗೆ ಬಂದರೆ ಯಾರಿಗೂ ಅನ್ಯಾಯವಾಗುವುದಿಲ್ಲ ಎಂದು. ಅವನು ಬಂದ. ಸಾತನೂರಿನ ಆ ಸೊಸೆ ಮೊದಮೊದಲು ಹೆದರಿ ಹೆದರಿ ಓಡಾಡುತ್ತಿದ್ದಳು. ಮೊಮ್ಮಗನಿಗೆ ಅಜ್ಜಿಯ ಪಕ್ಕದಲ್ಲಿ ಕೂತು ಟೀವಿಯವರನ್ನು ಬಯ್ಯುವುದು ಬಹಳ ಬೇಗ ಅಭ್ಯಾಸವಾಯಿತು. ಮಂಜುಳ ಹಬ್ಬಕ್ಕೆ ಬರುತ್ತಿದ್ದಳು, ಬಾಣಂತನಕ್ಕೂ ಅಲ್ಲಿಗೇ ಬಂದಳು. ಮಗ ಆ ದಿನಗಳಲ್ಲಿ ತಲೆ ತಗ್ಗಿಸಿಕೊಂಡು ಡ್ಯೂಟಿಗೆ ಹೋಗಿಬರುತ್ತಿದ್ದ. ಸಾತನೂರಿನ ಸೊಸೆಯೇ ಮಂಜುಳನ ಕೂಸಿಗೆ ನೀರು ಹಾಕಿದಳು.

ಕಳೆದ ಚಳಿಗಾಲದಲ್ಲಿ ದೊಡ್ಡವ್ವ ತೀರಿಕೊಂಡರು. ನಾವು ಆ ವಠಾರ ಬಿಟ್ಟು ಬೇರೆ ಕಡೆ ಮನೆ ಮಾಡಿದ್ದೆವು. ಫೋನು ಬಂದ ಕೂಡಲೇ ಹೋದೆವು. ಮಂಜುಳ, ಅವಳ ಗಂಡ, ಮಕ್ಕಳು ನಮಗಿಂತ ಮೊದಲೇ ಬಂದಿದ್ದರು. ದೊಡ್ಡವ್ವನನ್ನು ಅಂಗಳದಲ್ಲಿ ಚಟ್ಟದ ಮೇಲೆ ಮಲಗಿಸಿದ್ದರು. ಮಗ, ಸೊಸೆ, ಮೊಮ್ಮಗ ಬಾಯಿಗೆ ಹಾಲುತುಪ್ಪ ಬಿಟ್ಟರು. ಕುಲದ ಹಿರಿಯರೊಬ್ಬರು ಕಾರ್ಯ ನಡೆಸುತ್ತಿದ್ದರು. ಇನ್ನು ಹೆಣ್ಣುಮಕ್ಕಳು ಬಿಡಬೇಕು, ಈಕೆಗೆ ಹೆಣ್ಣುಮಕ್ಕಳಿಲ್ಲ, ಎತ್ತೋಣ ಎಂದರು. ಮಂಜುಳ ಗೋಡೆಯ ಹತ್ತಿರ ನಿಂತಿದ್ದಳು. ಮುಂದೆ ಬರಲು ಅವಳಿಗೆ ಯಾವ ಹಕ್ಕೂ ಉಳಿದಿರಲಿಲ್ಲ.

ಮಗ ಚಟ್ಟದ ಮೇಲೆ ಕೈಯಿಟ್ಟು ತಡೆದ. ಮಂಜುಳನ ಕಡೆ ನೋಡಿ, ಬಾ ಎಂದ. ಅಷ್ಟು ವರ್ಷಗಳಲ್ಲಿ ಅವನು ಅವಳ ಜೊತೆ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

ಹಿರಿಯರಿಗೆ ಅವಳ ಗುರುತು ಹತ್ತಲಿಲ್ಲ. ಯಾರಪ್ಪ ಈಕೆ, ಏನಾಗಬೇಕು ಎಂದು ಕೇಳಿದರು.

"ನಮ್ಮವ್ವನ ಮಗ್ಳು," ಎಂದ ಅವನು.

ಮಂಜುಳ ಬಂದು ಮಂಡಿಯೂರಿ ಕೂತಳು. ಸಾತನೂರಿನ ಸೊಸೆ ಹಾಲಿನ ಬಟ್ಟಲನ್ನು ಅವಳ ಕೈಗೆ ಕೊಟ್ಟಳು.